ಬ್ರಿಮ್‌ನ ನಾಲ್ವರು ಹೆಸರಿಲ್ಲದವರು

ನಾಲ್ಕು ಕಣಜಗಳು. ಅವುಗಳ ಮೈತುಂಬ ನಾಲ್ವರು ರೈತರು. ಆ ಚಿತ್ರಗಳ ಫೋಟೋ ಕಂಡವರು ಒಂದು ಕ್ಷಣ ತಡೆದು ನಿಲ್ಲುತ್ತಾರೆ.

ಊರಿನ ಹೆಸರು ಬ್ರಿಮ್. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಗೋಧಿ ಬೆಳೆಯುವ ವಿಮ್ಮೆರಾ ಬಯಲಿನ ಪುಟ್ಟ ಹಳ್ಳಿ. 1939ರಲ್ಲಿ ಕಟ್ಟಿದ ಕಾಂಕ್ರೀಟ್ ಕಣಜಗಳು ಬಳಕೆಯಿಲ್ಲದೆ ಸುಮ್ಮನೆ ನಿಂತಿದ್ದವು. ಕಲಾವಿದ ಗೈಡೊ ವಾನ್ ಹೆಲ್ಟನ್ ಬಂದು, ಊರವರೊಡನೆ ಬೆರೆತು, ಸುಮಾರು 30 ಮೀಟರ್ ಎತ್ತರದ ಆ ಗೋಡೆಗಳ ಮೇಲೆ ಚಿತ್ರ ಬರೆದರು. ಮುಗಿದದ್ದು 2016ರ ಜನವರಿಯಲ್ಲಿ.

ಮೂವರು ಗಂಡಸರು, ಒಬ್ಬ ಹೆಂಗಸು. ಬೇರೆ ಬೇರೆ ತಲೆಮಾರಿನವರು. ಯಾರೆಂದು ಹೆಸರು ಬರೆದಿಲ್ಲ. ಅದೇ ಸರಿ ಅನ್ನಿಸುತ್ತದೆ: ಬರಗಾಲ ಕಂಡ ಯಾವ ರೈತನಾದರೂ ಅಲ್ಲಿ ತನ್ನ ಮುಖ ಗುರುತಿಸಿಕೊಳ್ಳಬಹುದು.

ಆಮೇಲೆ ರೂಪನ್ಯಪ್, ಶೀಪ್ ಹಿಲ್ಸ್, ರೋಸ್‌ಬೆರಿ, ಲ್ಯಾಸೆಲ್ಸ್, ಪ್ಯಾಚವಾಲಕ್ ಕಣಜಗಳಿಗೂ ಬಣ್ಣ ಬಂತು. ಈಗ ಕಣಜದಿಂದ ಕಣಜಕ್ಕೆ ಸಾಗುವ ಒಂದು ಚಿತ್ರಯಾತ್ರೆಯೇ ಇದೆ. ಮೊದಲು ಹಾದುಹೋಗುತ್ತಿದ್ದ ಕಾರುಗಳು ಈಗ ನಿಲ್ಲುತ್ತವೆ; ಇಳಿದವರು ತಲೆಯೆತ್ತಿ ನೋಡುತ್ತಾರೆ.

ಕಾಳು ತುಂಬುತ್ತಿದ್ದ ಗೋಡೆಯ ಮೇಲೆ ಕಾಳು ಬೆಳೆದವರ ಮುಖ! ರೈತರಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ಯಾರಾದರೂ ನೋಡಿದ್ದೀರಾ?