ಖಾಲಿ ಹೊಟ್ಟೆ, ಹತ್ತರೊಳಗೆ

ಬೆಳಿಗ್ಗೆ ಏಳೂವರೆ. ಅಂಧೇರಿ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದಿದ್ದೀರಿ. ವಡಾಪಾವಿನವನ ಬಾಣಲೆಯಲ್ಲಿ ಎಣ್ಣೆ ಕಾದಿದೆ. ಉಡುಪಿ ಹೋಟೆಲಿನ ಬಾಗಿಲಲ್ಲಿ ಸಾಂಬಾರಿನ ಘಮ. ಎರಡನ್ನೂ ದಾಟಿ ಜೆ.ಪಿ. ರೋಡ್ ಹಿಡಿಯುತ್ತೀರಿ. ತಲೆಯ ಮೇಲೆ ವರ್ಸೋವಾ ಮೆಟ್ರೊ ಗಡಗಡಿಸುತ್ತದೆ. ಜೇಬಿನ ಚೀಟಿಯಲ್ಲಿ ಡಾಕ್ಟರರ ಅಕ್ಷರ: ಟೋಟಲ್ ಟೆಸ್ಟೊಸ್ಟೆರೋನ್, ಖಾಲಿ ಹೊಟ್ಟೆ, ಹತ್ತರೊಳಗೆ.

ಲ್ಯಾಬಿನ ಹುಡುಗಿ ತಲೆಯೆತ್ತದೆ ಕೇಳುತ್ತಾಳೆ: “ಕುಛ್ ಖಾಯಾ? ಚಾಯ್ ಪಿಯಾ?”

ನೀರು ಮಾತ್ರ, ಅನ್ನುತ್ತೀರಿ. ನಿಮ್ಮ ಹಿಂದಿದ್ದ ಹಿರಿಯರು ಒಂದು ಕಟಿಂಗ್ ಚಹಾ, ಎರಡು ಬಿಸ್ಕತ್ತು ಆಗಿದೆಯೆಂದು ಒಪ್ಪಿಕೊಳ್ಳುತ್ತಾರೆ. “ಕಲ್ ಆಯಿಯೇ,” ನಾಳೆ ಬನ್ನಿ ಅನ್ನುತ್ತಾಳೆ ಹುಡುಗಿ. ಫೋನಿನಲ್ಲಿ ನೀವಾಡಿದ ಕನ್ನಡ ಹಿರಿಯರ ಕಿವಿಗೆ ಬಿದ್ದಿದೆ; ನಿಮ್ಮತ್ತ ತಿರುಗುತ್ತಾರೆ. “ಒಂದು ಲೋಟ ಚಾಕ್ಕೆ ಎಂತ ಆಗ್ತದೆ ಮಾರಾಯ್ರೇ?”

ಆಗುವುದು ಇಷ್ಟು. ಬಾಸ್ಟನ್ನಿನ ವೈದ್ಯರು 74 ಗಂಡಸರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ರಕ್ತ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಟೆಸ್ಟೊಸ್ಟೆರೋನ್ ಸರಾಸರಿ ಕಾಲುಭಾಗ ಕುಸಿದಿತ್ತು. ಮೊದಲು ಮಟ್ಟ ಸರಿಯಿದ್ದ ಕೆಲವರು ಅಷ್ಟು ಹೊತ್ತಿನ ಮಟ್ಟಿಗೆ ಕೊರತೆಯವರಂತೆ ಕಂಡರು. ಕಟಿಂಗ್ ಚಹಾದಲ್ಲಿ ಅಷ್ಟು ಸಕ್ಕರೆಯಿಲ್ಲ, ನಿಜ. ಆದರೆ ಎಷ್ಟು ಕುಡಿದಿರಿ, ಏನು ತಿಂದಿರಿ ಎಂಬುದು ರಿಪೋರ್ಟಿನಲ್ಲಿ ಬರುವುದಿಲ್ಲ. ಅಂಕಿ ಮಾತ್ರ ಬರುತ್ತದೆ.

ಮೂಲೆಯ ಕುರ್ಚಿಯಲ್ಲಿ ಕೊರಳಲ್ಲಿ ಐಡಿ ಕಾರ್ಡ್ ತೂಗುಹಾಕಿಕೊಂಡ ಹುಡುಗನೊಬ್ಬ ತೂಕಡಿಸುತ್ತಿದ್ದಾನೆ. ಸೀಪ್ಜ್‌ನ ಕಂಪನಿಯೊಂದರಲ್ಲಿ ರಾತ್ರಿಪಾಳಿ, ಬಿಟ್ಟದ್ದು ಆರಕ್ಕೆ. ಏನೂ ತಿಂದಿಲ್ಲ, ಗಡಿಯಾರದಲ್ಲಿ ಹತ್ತೂ ಆಗಿಲ್ಲ. ಆದರೂ ಲ್ಯಾಬಿನ ಡಾಕ್ಟರು ಅವನ ತೋಳಿಗೆ ಪಟ್ಟಿ ಕಟ್ಟಗೊಡುವುದಿಲ್ಲ. ಈ ಹಾರ್ಮೋನು ಏರುವುದು ನಿದ್ದೆಯಲ್ಲಿ. ಎದ್ದ ಹೊತ್ತಿಗೆ ತುದಿ ಮುಟ್ಟಿ, ದಿನ ಕಳೆದಂತೆ ಇಳಿಯುತ್ತದೆ. ಹರೆಯದವರಲ್ಲಿ ಈ ಇಳಿತ ಹೆಚ್ಚು, ವಯಸ್ಸಾದವರಲ್ಲಿ ಕಡಿಮೆ. ಹುಡುಗನಿಗೆ ಬೆಳಗಾಗುವುದು ಮಧ್ಯಾಹ್ನ ಮೂರಕ್ಕೆ. “ಮನೆಗೆ ಹೋಗಿ ಚೆನ್ನಾಗಿ ಮಲಗು. ಎದ್ದಮೇಲೆ ಏನೂ ತಿನ್ನದೆ ನೇರ ಬಾ,” ಎಂದು ಹಿಂದಿಯಲ್ಲಿ ಹೇಳಿ ಕಳಿಸುತ್ತಾರೆ.

ನಿಮ್ಮ ಸರದಿ. ಸ್ಪಿರಿಟ್ಟಿನ ತಂಪು, ಸೂಜಿಯ ಚುಚ್ಚು. ಟ್ಯೂಬಿನ ಚೀಟಿಯ ಮೇಲೆ ಪೆನ್ನಿನಲ್ಲಿ 8.10 ಎಂದು ಬರೆಯುತ್ತಾರೆ.

ಸಂಜೆ ಫೋನಿಗೆ ಬರುವ ಅಂಕಿ 285. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಹಾಕಿದ ಗೆರೆ ಡೆಸಿಲೀಟರಿಗೆ 300 ನ್ಯಾನೋಗ್ರಾಂ. ಎದೆ ಧಸಕ್ಕೆನ್ನುತ್ತದೆ; ಜಿಮ್ಮಿನ ಗೆಳೆಯ ಆಗಲೇ ಇಂಜೆಕ್ಷನ್ನಿನ ಹೆಸರು ಕಳಿಸಿದ್ದಾನೆ. ಚೀಟಿ ಬರೆದ ಡಾಕ್ಟರರಿಗೆ ಫೋನ್ ಮಾಡುತ್ತೀರಿ.

“ಇಂಜೆಕ್ಷನ್ ಮಾತು ಬೇಡ. ಹೊರಗಿನಿಂದ ಟೆಸ್ಟೊಸ್ಟೆರೋನ್ ಕೊಟ್ಟರೆ ವೀರ್ಯಾಣು ಹುಟ್ಟುವುದೇ ಕುಗ್ಗುತ್ತದೆ, ನಿಮಗಿನ್ನೂ ಮಗು ಬೇಕಲ್ಲ? ಒಂದು ಸಲದ ಅಂಕಿಯಿಂದ ಕೊರತೆ ಅನ್ನುವ ಹಾಗಿಲ್ಲ. ನಿನ್ನೆ ಎಷ್ಟು ಹೊತ್ತಿಗೆ ಮಲಗಿದ್ರಿ?”

“ಎರಡಾಗಿತ್ತು.”

“ಮುಂದಿನ ವಾರ ಬೇಗ ಮಲಗಿ, ಇನ್ನೊಮ್ಮೆ ಕೊಡಿ. ಖಾಲಿ ಹೊಟ್ಟೆಯಲ್ಲೇ.”