ಹಳೆಯ ಜೀಪನ್ನು ಕೊಳ್ಳುವ ವಿಚಾರ

ಮಲೆನಾಡಿನಲ್ಲಿ ಮನೆಯೆಂಬುದು ಊರಿನಲ್ಲಿರುವುದಕ್ಕಿಂತ ಹೆಚ್ಚಾಗಿ ತೋಟದಲ್ಲಿರುವುದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳ ಕಡೆ ಡಾಂಬರಿನ ರಸ್ತೆ ಎಲ್ಲಿ ಮುಗಿಯುವುದೋ ಅಲ್ಲಿಂದ ಮುಂದಕ್ಕೆ ಕೆಮ್ಮಣ್ಣಿನ ದಾರಿ ಮೈಲಿಗಟ್ಟಲೆ ಏರಿ ಇಳಿದು, ಹಳ್ಳವನ್ನು ದಾಟಿ, ಒಂದು ಮನೆಯ ಅಂಗಳದಲ್ಲಿ ನಿಲ್ಲುತ್ತದೆ. ಬೇಸಗೆಯಲ್ಲಿ ಈ ದಾರಿಯಲ್ಲಿ ಯಾವ ಕಾರಾದರೂ ಹೋದೀತು. ಆರ್ದ್ರೆ ಹಿಡಿದ ಮೇಲಿನ ಮಾತೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆಯಾಗುವುದು. ಅದರ ಅರ್ಧದಷ್ಟು ಬೀಳುವ ಕಡೆಯಲ್ಲಿಯೂ ಏರಿನ ಮಣ್ಣು ಬೆಣ್ಣೆಯಂತಾಗಿ, ಹಿಂದಿನ ಎರಡು ಗಾಲಿಗಳು ಮಾತ್ರ ತಿರುಗುವ ವಾಹನವು ನಿಂತಲ್ಲಿಯೇ ಗುಂಡಿ ತೋಡಿಕೊಂಡು ಕುಳಿತುಬಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿ, 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಮಹೀಂದ್ರ ಕಂಪೆನಿಯವರು ಜೋಡಿಸತೊಡಗಿದ ವಿಲ್ಲಿಸ್ ಜೀಪು ಈ ಸೀಮೆಯವರಿಗೆ ಪ್ರಿಯವಾದುದು ಈ ಕಾರಣದಿಂದಲೇ. ಅಂದಿನಿಂದ ಇಂದಿನವರೆಗೆ, ನಾಲ್ಕೂ ಗಾಲಿಗಳು ದುಡಿಯುವ ವಾಹನವು ಯಾವ ಕಂಪೆನಿಯದಾಗಲಿ, ಎಷ್ಟೇ ದೊಡ್ಡದಾಗಲಿ, ಇಲ್ಲಿಯವರ ಬಾಯಲ್ಲಿ ಅದಕ್ಕೆ ಜೀಪೆಂದೇ ಹೆಸರು.

ಇಂಥ ದಾರಿಯ ಕೊನೆಯಲ್ಲಿರುವ ಒಬ್ಬ ಸಣ್ಣ ಕಾಫಿ ಬೆಳೆಗಾರನು ದೊಡ್ಡ ಜೀಪೊಂದನ್ನು ಹುಡುಕಿ ಹೊರಟ ಸಂಗತಿಯನ್ನು ಇಲ್ಲಿ ವಿಚಾರಿಸಬಹುದು. ಆತನಿಗೆ ವಾಹನವು ಶೋಕಿಯ ವಸ್ತುವಾಗಿರಲಿಲ್ಲ. ತಾಯಿಯ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆರಡು ಸಲ ಆಕೆಯನ್ನು ಹಾಸನದ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಕರೆದೊಯ್ಯಬೇಕಾಗಿತ್ತು. ಮಳೆಯೆಂದು, ದಾರಿ ಕಡಿದಿದೆಯೆಂದು ಈ ಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ನಾಲ್ಕು ಗಂಟೆ ಯಂತ್ರದ ಬಳಿ ಮಲಗಿದ್ದು ಎದ್ದ ಮುದುಕಿಗೆ ಹಿಂದಿರುಗುವಾಗ ಕುಳಿತುಕೊಳ್ಳುವ ತ್ರಾಣವೂ ಇರುವುದಿಲ್ಲವಾದುದರಿಂದ ಕಾಲು ಚಾಚಿ ಮಲಗುವಷ್ಟು ಅಗಲವಾದ ನಡುಸೀಟು ಬೇಕು. ಸಣ್ಣ ಜೀಪುಗಳು ಏರನ್ನು ಹತ್ತುವುದರಲ್ಲಿ ಮೇಲಾದರೂ ಈ ಕೆಲಸಕ್ಕೆ ಬಾರವು. ಕೈಯಲ್ಲಿದ್ದುದು 7 ಲಕ್ಷ ರೂಪಾಯಿ. ನಾಲ್ಕು ಗಾಲಿಗಳ ಚಾಲನೆಯುಳ್ಳ ದೊಡ್ಡ ಹೊಸ ವಾಹನದ ಬೆಲೆ ಇದರ ಎರಡು ಪಾಲನ್ನೂ ಮೀರಿದುದು. ಆದುದರಿಂದ ಹಳೆಯದೇ ಗತಿ.

ಎತ್ತು ಕೊಳ್ಳುವವನು ಮೊದಲು ಹಲ್ಲು ನೋಡುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ನೋಡುವನು. ಕೊಂಬಿಗೆ ಬಳಿದ ಬಣ್ಣಕ್ಕೆ ಬೆಲೆ ಕಟ್ಟುವುದಿಲ್ಲ. ವಾಹನದ ಸಂತೆಯಲ್ಲಿ ಮಾತ್ರ ಅದೇ ಮನುಷ್ಯನು ಬಣ್ಣಕ್ಕೂ ಹೆಸರಿಗೂ ಮರುಳಾಗುವುದು ವಿಚಿತ್ರವಲ್ಲವೆ? ಹೆಸರಿನ ಮೋಸಕ್ಕೆ ಟಾಟಾ ಸಫಾರಿಯೇ ಸಾಕಷ್ಟು ನಿದರ್ಶನವಾಗಿದೆ. 1998ರಲ್ಲಿ ಹೊರಬಂದ ಸಫಾರಿಯೂ, 2012ರಿಂದ 2019ರ ವರೆಗೆ ನಡೆದ ಸಫಾರಿ ಸ್ಟಾರ್ಮ್ ಎಂಬುದೂ ಲಾರಿಯಂತೆ ಉಕ್ಕಿನ ಚಾಸಿಯ ಮೇಲೆ ಒಡಲನ್ನು ಕೂರಿಸಿದ ವಾಹನಗಳು. ಅವುಗಳಲ್ಲಿ ಕೆಲವಕ್ಕೆ ಮಾತ್ರ ನಾಲ್ಕು ಗಾಲಿಗಳ ಚಾಲನೆಯುಂಟು, ಬಹುಪಾಲಿಗೆ ಹಿಂದಿನ ಎರಡರದೇ ಬಲ. 2021ರಲ್ಲಿ ಅದೇ ಹೆಸರಿನಿಂದ ಬಂದ ಹೊಸ ವಾಹನಕ್ಕೆ ಪ್ರತ್ಯೇಕವಾದ ಚಾಸಿಯೂ ಇಲ್ಲ, ನಾಲ್ಕು ಗಾಲಿಗಳ ಚಾಲನೆಯೂ ಇಲ್ಲ. ಅದು ಮುಂದಿನ ಗಾಲಿಗಳಿಂದ ನಡೆಯತಕ್ಕದ್ದು. 2002ರಲ್ಲಿ ಬಂದ ಸ್ಕಾರ್ಪಿಯೋದಲ್ಲಿಯೂ ಎರಡು ಬಗೆಗಳುಂಟು. ಹೊರಗಿನಿಂದ ನೋಡುವವನಿಗೆ ಎಲ್ಲವೂ ಎತ್ತರ, ಎಲ್ಲವೂ ಗಟ್ಟಿಮುಟ್ಟು. ದಲ್ಲಾಳಿಯೂ “ಎಲ್ಲ ಒಂದೇ ಸ್ವಾಮಿ” ಎನ್ನುವನು. ಒಂದೇ ಅಲ್ಲವೆಂಬುದು ತಿಳಿಯುವುದು ಆಷಾಢದಲ್ಲಿ.

ಬೆಳೆಗಾರನ ಮನಸ್ಸು ಮೊದಲು ಎಳೆದುದು ಟೊಯೊಟಾ ಫಾರ್ಚುನರಿನ ಕಡೆಗೆ. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತಯಾರಾಗಿ 2009ರಲ್ಲಿ ಮಾರಾಟಕ್ಕೆ ಬಂದ ಈ ವಾಹನದ ಮೊದಲ ತಲೆಮಾರಿಗೆ 3 ಲೀಟರಿನ ಡೀಸೆಲ್ ಯಂತ್ರ. ಮೊದಲ ವರ್ಷಗಳಲ್ಲಿ ಬಂದವಕ್ಕೆಲ್ಲ ನಾಲ್ಕೂ ಗಾಲಿಗಳು ಸದಾ ದುಡಿಯುವ ಏರ್ಪಾಡು. ಬಹಳ ಕಾಲ ಬಾಳುವುದೆಂದು ಇದಕ್ಕಿರುವ ಖ್ಯಾತಿ ಸುಮ್ಮನೆ ಬಂದುದಲ್ಲ. ಆದರೆ ಖ್ಯಾತಿಗೂ ಬೆಲೆಯುಂಟು. ಆತನ ಹಣಕ್ಕೆ ನಿಲುಕುತ್ತಿದ್ದುದು 2010ರ ಸುಮಾರಿನದು. ಅಂಥದು 15 ವರ್ಷಗಳನ್ನು ತುಂಬಿ ನೋಂದಣಿಯ ನವೀಕರಣಕ್ಕೆ ಬಂದಿರುತ್ತದೆ. ನವೀಕರಣವಾದರೆ 5 ವರ್ಷ, ಅದಕ್ಕೂ ಮೊದಲು ಯೋಗ್ಯತೆಯ ಪರೀಕ್ಷೆ. ಆ ಯಂತ್ರದ ಟೈಮಿಂಗ್ ಬೆಲ್ಟನ್ನು ಸುಮಾರು ಒಂದೂವರೆ ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸತಕ್ಕದ್ದು. ಬದಲಾಯಿಸಿದ ಲೆಕ್ಕವನ್ನು ತೋರಿಸಬಲ್ಲ ಮಾರಾಟಗಾರನು ದೊರೆಯಲಿಲ್ಲ. ಕೊಳ್ಳುವುದಕ್ಕೇ 7 ಲಕ್ಷವೂ ಸಂದುಹೋದರೆ ಬೆಲ್ಟಿಗೆ, ಟೈರಿಗೆ, ಬುಷ್ಷಿಗೆ ಏನುಳಿಯಿತು? ಬಡವನ ಕೈಗೆ ಬಂದ ಶ್ರೀಮಂತರ ವಾಹನವು ಬಿಡಿಭಾಗಗಳನ್ನು ಶ್ರೀಮಂತರ ಬೆಲೆಗೇ ಕೇಳುವುದು.

ಫೋರ್ಡ್ ಎಂಡೆವರ್ ಅದಕ್ಕಿಂತ ಅಗ್ಗವಾಗಿ ಕಂಡಿತು. ಏರಿಗೂ ಕೆಸರಿಗೂ ಸಮರ್ಥವಾದ ವಾಹನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಂಪೆನಿಯವರು 2021ರಲ್ಲಿ ಭಾರತದಲ್ಲಿ ವಾಹನಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದರು. ನಗರದವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲದಿರಬಹುದು. ಒಂದು ಬಿಡಿಭಾಗಕ್ಕೆ ಹತ್ತು ದಿನ ಕಾಯಬೇಕಾದರೆ ಅವರು ಬೇರೆ ಗಾಡಿಯಲ್ಲಿ ಹೋಗುವರು. ವಾರಕ್ಕೆರಡು ಸಲ ಹಾಸನಕ್ಕೆ ಹೋಗಲೇಬೇಕಾದವನಿಗೆ ಹತ್ತು ದಿನವೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಹನದ ಗುಣವೆಂಬುದು ವಾಹನದಲ್ಲಿ ಮಾತ್ರವೇ ಇರುವುದಲ್ಲ. ಅದನ್ನು ಬಿಚ್ಚಿ ಕೂಡಿಸಬಲ್ಲ ಮೇಸ್ತ್ರಿಯು ಎಷ್ಟು ದೂರದಲ್ಲಿರುವನೆಂಬುದೂ ಅದರ ಗುಣಗಳಲ್ಲೊಂದು. ಸಕಲೇಶಪುರದಲ್ಲಿ ಆತನಿಗೆ ಪರಿಚಯವಿದ್ದ ಮೇಸ್ತ್ರಿಯು ಸಫಾರಿಯನ್ನೂ ಸ್ಕಾರ್ಪಿಯೋವನ್ನೂ ಕಣ್ಣು ಕಟ್ಟಿದರೂ ಬಿಚ್ಚಬಲ್ಲವನು. ಹೀಗೆ ಆಯ್ಕೆಯ ಮುಕ್ಕಾಲು ಭಾಗವನ್ನು ಮೇಸ್ತ್ರಿಯ ಗ್ಯಾರೇಜೇ ಮಾಡಿತೆನ್ನಬೇಕು.

ಮಾರಾಟಕ್ಕಿದ್ದ ಮೊದಲ ಸ್ಟಾರ್ಮ್ ಬೆಂಗಳೂರಿನದು. ಕನ್ನಡಿಯಂಥ ಬಣ್ಣ, ಹೊಸ ಸೀಟಿನ ಹೊದಿಕೆ, ಅಗಲವಾದ ಟೈರುಗಳು. ಇಂಥ ವಾಹನವನ್ನು ನೋಡಲು ಹೋಗುವವರು ಬೆಳಗ್ಗೆ ಬೇಗ ಹೋಗಿ, ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುವುದು ಲೇಸು. ತಣ್ಣಗಿರುವ ಯಂತ್ರವೇ ನಿಜವನ್ನು ಹೇಳುವುದು. ಮೊದಲೇ ಓಡಿಸಿ ಬಿಸಿಮಾಡಿಟ್ಟ ಯಂತ್ರವು ತನ್ನ ದೋಷಗಳನ್ನು ಅಡಗಿಸಿಕೊಳ್ಳುವುದುಂಟು. ಹೊತ್ತಿಸಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬಹುದು. ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದಾಗ ಬುಸುಬುಸು ಎಂದು ಹೊಗೆ ಒತ್ತಿ ಬಂದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆಯೆಂಬ ಶಂಕೆ. ಈ ಪರೀಕ್ಷೆಗಳಲ್ಲೆಲ್ಲ ಆ ವಾಹನವು ಗೆದ್ದಿತು. ಸೋತುದು ಮುಂದಿನದರಲ್ಲಿ. ಡ್ಯಾಷ್‌ಬೋರ್ಡಿನ ಗುಂಡಿಯನ್ನು ನಾಲ್ಕು ಗಾಲಿಗಳ ಚಾಲನೆಗೆ ತಿರುಗಿಸಿದರೆ ದೀಪವು ಮಿನುಗುತ್ತಲೇ ಇತ್ತು. ಮುಂದಿನ ಗಾಲಿಗಳು ಅಲ್ಲಾಡಲಿಲ್ಲ. ಮೇಸ್ತ್ರಿಯು ಕೆಳಗಿನಿಂದ ಎದ್ದು ಬಂದು, “ಗೌಡ್ರೇ, ಇದರ ಮುಂದಿನ ಗಾಲಿಗಳು ಹುಟ್ಟಿದಾಗಿನಿಂದ ದುಡಿದೇ ಇಲ್ಲ” ಎಂದನು.

ಇದು ಅಪೂರ್ವವಾದ ಸಂಗತಿಯಲ್ಲ. ನಗರದಲ್ಲಿ ಅಂಥ ವಾಹನವನ್ನು ಇಟ್ಟವರಲ್ಲಿ ಬಹುಮಂದಿ ಆ ಗುಂಡಿಯನ್ನು ಮುಟ್ಟಿರುವುದಿಲ್ಲ. ಮುಂದಿನ ಗಾಲಿಗಳಿಗೆ ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸೂ ಅದನ್ನು ಹಿಡಿದು ಬಿಡುವ ಸಣ್ಣ ಮೋಟಾರೂ ದುಡಿಮೆಯಿಲ್ಲದೆ ತುಕ್ಕು ಹಿಡಿದು ಬಿಗಿದುಕೊಳ್ಳುವುವು. ಬರಿಯ ದೀಪ ಹೊತ್ತಿದುದನ್ನು ನಂಬಲಾಗದು. ಒದ್ದೆ ಮಣ್ಣಿನ ಮೇಲೆ ನಿಲ್ಲಿಸಿ, ನಾಲ್ಕು ಗಾಲಿಗಳ ಮೇಲ್ದರ್ಜೆಗೂ ಅನಂತರ ಕೆಳದರ್ಜೆಗೂ ಹಾಕಿ, ಮುಂದಿನ ಗಾಲಿಗಳು ನಿಜವಾಗಿ ಎಳೆಯುವುವೇ ಎಂದು ಕಣ್ಣಾರೆ ನೋಡಬೇಕು. ಒಣಗಿದ ಡಾಂಬರಿನ ಮೇಲೆ ಈ ಪರೀಕ್ಷೆಯನ್ನು ಮಾಡಬಾರದು. ಅಲ್ಲಿ ಗಾಲಿಗಳು ಜಾರಲು ಎಡೆಯಿಲ್ಲದೆ ಒಳಗಿನ ಹಲ್ಲುಗಳಿಗೆ ಪೆಟ್ಟಾಗುವುದು. ನಾಲ್ಕು ಟೈರುಗಳು ಒಂದೇ ಅಳತೆಯವಾಗಿ, ಹೆಚ್ಚು ಕಡಮೆ ಒಂದೇ ಸಮನಾಗಿ ಸವೆದಿರಬೇಕೆಂಬುದಕ್ಕೂ ಇದೇ ಕಾರಣ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲಿನೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ತಿಳಿಸುವುವು. 2319 ಎಂದಿದ್ದರೆ 2019ರ 23ನೆಯ ವಾರದ್ದು. ಹಲ್ಲು ನೋಡುವುದೆಂದರೆ ಇದೇ.

ಎರಡನೆಯದು ಮಂಗಳೂರಿನಿಂದ ಬಂದುದು. ಅದರ ಚಾಸಿಗೆ ಆಗತಾನೆ ಬಳಿದ ಕಪ್ಪು ಬಣ್ಣ ಹೊಳೆಯುತ್ತಿತ್ತು. ಹಳೆಯ ವಾಹನದ ಹೊಟ್ಟೆಯಡಿಯಲ್ಲಿ ಹೊಸ ಬಣ್ಣವೇಕೆ ಬೇಕಾಯಿತೆಂದು ಯಾರಾದರೂ ಕೇಳತಕ್ಕದ್ದೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಉಕ್ಕು ಗಣ್ಣೆನ್ನುವುದು. ಇಲ್ಲಿ ಹಿಂದಿನ ತೊಲೆಯೊಂದು ಮಂಕಾಗಿ ಶಬ್ದಮಾಡಿ ಪದರಪದರವಾಗಿ ಉದುರಿತು. ಕಡಲ ಗಾಳಿಯ ಉಪ್ಪಿನ ಕೆಲಸವದು. ಯಂತ್ರ ಕೆಟ್ಟರೆ ಕಟ್ಟಿಸಬಹುದು, ಗೇರು ಕೆಟ್ಟರೆ ಬದಲಾಯಿಸಬಹುದು. ಚಾಸಿ ಕೊಳೆತ ವಾಹನಕ್ಕೆ ಮಾಡುವ ವೆಚ್ಚವೆಲ್ಲ ಹೊಳೆಯಲ್ಲಿ ಹುಣಿಸೆ ತೊಳೆದಂತೆ. ನೀರಿನಲ್ಲಿ ಮುಳುಗಿದ ವಾಹನಗಳ ಭಯವೂ ಇದಕ್ಕೆ ಸೇರಿದುದು. 2015ರ ಚೆನ್ನೈ ನೆರೆಯಲ್ಲಿಯೂ 2018ರ ಕೇರಳದ ನೆರೆಯಲ್ಲಿಯೂ ಲೆಕ್ಕವಿಲ್ಲದಷ್ಟು ವಾಹನಗಳು ಮುಳುಗಿದುವು. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಕಲೆಯನ್ನು ಹುಡುಕುವುದು, ಸೀಟಿನಡಿಯ ಹಳಿಗಳ ತುಕ್ಕನ್ನು ನೋಡುವುದು, ಡಿಫರೆನ್ಷಿಯಲ್ಲಿನ ಬಿರಡೆ ಬಿಚ್ಚಿ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದೆಯೇ ಎಂದು ಪರೀಕ್ಷಿಸುವುದು, ಇವು ಐದು ನಿಮಿಷದ ಕೆಲಸಗಳು. ಮಾರುವವನ ಮುಖ ಕಂದಿದರೂ ಬಿಡಬಾರದು.

ಉತ್ತರದಿಂದ ಅಗ್ಗವಾಗಿ ಬರುವ ವಾಹನಗಳ ಆಸೆಯನ್ನೂ ದಲ್ಲಾಳಿಗಳು ತೋರಿಸುವರು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ದೆಹಲಿಯ ಸುತ್ತಣ ಪ್ರದೇಶದಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿಯು ಆಜ್ಞೆ ಮಾಡಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದ ಮೇಲೆ ಅವುಗಳ ಬೆಲೆ ಅಲ್ಲಿ ಕುಸಿಯಿತು. ಆದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಆಜೀವ ತೆರಿಗೆ, ಹೊಸ ನೋಂದಣಿ, ತರುವ ಖರ್ಚು ಇವೆಲ್ಲವನ್ನೂ ಕೂಡಿಸಿದರೆ ಅಗ್ಗವು ಬಹುಮಟ್ಟಿಗೆ ಕರಗುವುದು. ಸಾಲದ್ದಕ್ಕೆ, ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯು ನೋಂದಣಿಯ ಪುಸ್ತಕದೊಡನೆ ಹೊಂದದಿದ್ದರೆ, ಅಥವಾ ಬ್ಯಾಂಕಿನ ಸಾಲದ ನಮೂದು ಅದರಲ್ಲಿ ಹಾಗೆಯೇ ಉಳಿದಿದ್ದರೆ, ಕೊಂಡವನು ಕಚೇರಿಗೆ ಅಲೆಯುವುದೇ ಕೆಲಸವಾಗುವುದು.

ಮೂರನೆಯದು ಶಿವಮೊಗ್ಗದಲ್ಲಿ ಸಿಕ್ಕಿತು. 2015ರ ಸ್ಟಾರ್ಮ್, ಬಿಸಿಲಿಗೆ ಬಣ್ಣ ಮಾಸಿತ್ತು, ಎಡಬಾಗಿಲಿನಲ್ಲಿ ನೆಗ್ಗು. ಒಬ್ಬನೇ ಒಡೆಯ. ಆತನಿಗೂ ತೋಟವಿದ್ದುದರಿಂದ ಮುಂದಿನ ಗಾಲಿಗಳು ಪ್ರತಿ ಮಳೆಗಾಲದಲ್ಲಿಯೂ ದುಡಿದಿದ್ದುವು. ಪೆಡಲಿನ ರಬ್ಬರು ಎಷ್ಟು ಸವೆದಿತ್ತೋ ಮೀಟರು ತೋರಿಸಿದ ದೂರವೂ ಅದಕ್ಕೆ ಒಪ್ಪುವಂತಿತ್ತು. ರಿಪೇರಿಯ ಚೀಟಿಗಳನ್ನೆಲ್ಲ ಒಂದು ಕಡತದಲ್ಲಿ ಕಟ್ಟಿಟ್ಟಿದ್ದನು. ಮೇಸ್ತ್ರಿಯು ಮುಂದಿನ ಬುಷ್ಷುಗಳೂ ಬಾಲ್ ಜಾಯಿಂಟುಗಳೂ ಹೋಗಿವೆಯೆಂದನು, ಟೈರುಗಳು ಮುದಿಯಾಗಿವೆಯೆಂದನು. ಇವುಗಳನ್ನೇ ಹಿಡಿದು ಚೌಕಾಸಿ ನಡೆದು, ದನದ ಜಾತ್ರೆಯಲ್ಲಿ ವಸ್ತ್ರದಡಿ ಬೆರಳು ಹಿಡಿದಷ್ಟೇ ಗಂಭೀರವಾಗಿ 5 ಲಕ್ಷದ 20 ಸಾವಿರಕ್ಕೆ ಮಾತು ಮುಗಿಯಿತು. ಕಾರುಗಳ ಅಂದಚಂದವನ್ನು ಬಲ್ಲ ತಮ್ಮನೊಬ್ಬನು, ಇಷ್ಟೇ ಹಣಕ್ಕೆ ಹೊಳೆಯುವಂಥದು ಬೆಂಗಳೂರಿನಲ್ಲಿ ಸಿಗುತ್ತಿತ್ತಲ್ಲ ಎಂದು ಬೇಸರಪಟ್ಟನು.

ತಾಯಿಯನ್ನು ಕರೆತಂದು ಹತ್ತಿಸಿ ನೋಡಿದಾಗ ಯಾರೂ ಎಣಿಸದಿದ್ದ ತೊಡಕೊಂದು ಕಂಡಿತು. ಪಕ್ಕದ ಮೆಟ್ಟಿಲು ಆಕೆಯ ಮೊಣಕಾಲಿಗಿಂತ ಎತ್ತರವಾಗಿತ್ತು. ಎರಡು ಸಲ ಪ್ರಯತ್ನಿಸಿ, ಬಾಗಿಲನ್ನು ಹಿಡಿದು ನಿಂತು, “ಗಾಡಿ ಚಂದಾಗೈತೆ ಮಗಾ, ಹತ್ತೋಕೆ ಒಂದು ಕಲ್ಲು ಹಾಕು” ಎಂದಳು. ಉಳಿಸಿಕೊಂಡಿದ್ದ 1 ಲಕ್ಷದ 80 ಸಾವಿರದಲ್ಲಿ ಐದು ಟೈರುಗಳು, ಬುಷ್ಷುಗಳು, ಬ್ಯಾಟರಿ, ಯಂತ್ರಕ್ಕೂ ಗೇರಿಗೂ ಎರಡು ಡಿಫರೆನ್ಷಿಯಲ್ಲುಗಳಿಗೂ ಹೊಸ ಎಣ್ಣೆ, ವಿಮೆ, ಹೆಸರಿನ ವರ್ಗಾವಣೆ ಇವುಗಳೆಲ್ಲ ಆಗಿ 28 ಸಾವಿರ ಮಿಕ್ಕಿತ್ತು. ಅದರಲ್ಲಿ ಎರಡೂವರೆ ಸಾವಿರ ಕೊಟ್ಟು, ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ, ಬೇಕಾದಾಗ ಕೆಳಗಿಳಿಸಿ ಬೇಡವಾದಾಗ ಮೇಲೆ ಮಡಿಸುವಂಥ ಕಬ್ಬಿಣದ ಮೆಟ್ಟಿಲೊಂದನ್ನು ಎಡಬಾಗಿಲಿನ ಕೆಳಗೆ ಕೂರಿಸಲಾಯಿತು. ಅಳತೆ ತೆಗೆಯುವಾಗ ಮುದುಕಿಯು ತಾನೇ ಅಂಗಡಿಯ ಮುಂದೆ ನಿಂತು, ಕಾಲೆತ್ತಿ ತೋರಿಸಿದಳು.