ಅಟ್ಟದ ಧೂಳು

ನಮ್ಮ ಹಳೆಯ ಮನೆಯ ಅಟ್ಟದಲ್ಲಿ ತಾಳೆಗರಿಯ ಕಟ್ಟುಗಳನ್ನು ಇರಿಸಿದ್ದೆನು. ಅಲ್ಲಿ ಪಾರಿವಾಳಗಳು ವರ್ಷಗಟ್ಟಲೆ ವಾಸವಾಗಿದ್ದವು. 2019ರ ಬೇಸಿಗೆಯಲ್ಲಿ ಕಟ್ಟುಗಳನ್ನು ಇಳಿಸಿ, ಒಣಗಿದ ಹಿಕ್ಕೆಯನ್ನು ಗುಡಿಸುವಾಗ ತಮ್ಮನ ಮಗನು ನೆರವಿಗೆ ಬಂದನು. ಎರಡು ವರ್ಷಗಳ ಹಿಂದೆ ಅವನಿಗೆ ತಾಯಿಯ ಮೂತ್ರಪಿಂಡವನ್ನು ಕಸಿ ಮಾಡಲಾಗಿತ್ತು. ಗಟ್ಟಿಮುಟ್ಟಾಗಿದ್ದನು, ಬೇಡವೆನ್ನಲು ನನಗೆ ತೋಚಲಿಲ್ಲ.

ಕೆಲವು ವಾರಗಳಲ್ಲಿ ಅವನಿಗೆ ತಲೆನೋವು ತೊಡಗಿತು. ಜ್ವರವಿರಲಿಲ್ಲ. "ದೊಡ್ಡಪ್ಪ, ಅಕ್ಷರಗಳು ಎರಡೆರಡಾಗಿ ಕಾಣುತ್ತವೆ" ಎಂದಾಗ, ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಮಲಗೆಂದೆನು. ಮನೆಯಲ್ಲಿ ಹಿರಿಯನ ಮಾತೆಂದು ಎಲ್ಲರೂ ಒಪ್ಪಿದರು. ಎಂಟು ದಿನಗಳು ಹಾಗೆಯೇ ಕಳೆದವು.

ಆಸ್ಪತ್ರೆಯಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವವನ್ನು ತೆಗೆದು, ಅದಕ್ಕೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ತಾಳೆಗರಿಗೆ ಮಸಿ ಬಳಿದಾಗ ಕೊರೆದ ಅಕ್ಷರ ಕಪ್ಪಾಗಿ ಎದ್ದು ಕಾಣುವುದನ್ನು ಬಲ್ಲವನು ನಾನು. ಇಲ್ಲಿ ಅದಕ್ಕೆ ವಿಪರೀತ: ಎಲ್ಲವೂ ಕಪ್ಪು, ಶಿಲೀಂಧ್ರದ ಕಣದ ಸುತ್ತ ಮಾತ್ರ ಬೆಳ್ಳನೆಯ ಬಳೆ. ಅದರ ಹೆಸರು ಕ್ರಿಪ್ಟೊಕಾಕಸ್. ಪಾರಿವಾಳದ ಹಳೆಯ ಹಿಕ್ಕೆಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಈ ಜೀವಿ ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತದೆ. ಆರೋಗ್ಯವಂತರ ದೇಹವು ಸಾಮಾನ್ಯವಾಗಿ ಅದನ್ನು ಅಲ್ಲಿಯೇ ಅಡಗಿಸುತ್ತದೆ. ಕಸಿಯಾದ ಅಂಗವನ್ನು ದೇಹವು ಪರಕೀಯವೆಂದು ತಿರಸ್ಕರಿಸದಂತೆ ನಿತ್ಯವೂ ಮಾತ್ರೆ ನುಂಗುವವರಲ್ಲಿ ಆ ಕಾವಲು ದುರ್ಬಲವಾಗಿರುವುದರಿಂದ, ಅದು ರಕ್ತದ ಮೂಲಕ ಮಿದುಳಿನ ಪೊರೆಯನ್ನು ತಲುಪಬಲ್ಲದು. ಅಪರೂಪದ ರೋಗವೇ ನಿಜ. ಆದರೆ ಕಸಿಯಾದವರಿಗೆ ತಲೆನೋವು ಬಿಡದೆ ಕಾಡಿದರೆ, ಜ್ವರವಿಲ್ಲವೆಂದು ಸುಮ್ಮನಿರದೆ ಕಸಿ ಮಾಡಿದ ವೈದ್ಯರಿಗೆ ಅಂದೇ ತಿಳಿಸಬೇಕೆಂದು ಶರಣಬಂಧುಗಳಲ್ಲಿ ನನ್ನ ವಿನಂತಿ.

ಮುಂದಿನದು ಇನ್ನೂ ಕಠಿಣವಾಗಿತ್ತು. ಶಿಲೀಂಧ್ರವನ್ನು ಕೊಲ್ಲುವ ಆಂಫೊಟೆರಿಸಿನ್ ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದು. ಕಾವಲು ಮರಳಲೆಂದು ನಿತ್ಯದ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಕಸಿಯೇ ಕೈತಪ್ಪಬಹುದು. ಹಾನಿ ಕಡಿಮೆಯಿರುವ ಲೈಪೊಸೋಮಲ್ ರೂಪದ ಔಷಧಿಯನ್ನು ಕೊಟ್ಟು, ಮಾತ್ರೆಗಳನ್ನು ಮೆಲ್ಲಮೆಲ್ಲನೆ ತಗ್ಗಿಸಿದರು. ತಲೆಯೊಳಗಿನ ಒತ್ತಡವನ್ನು ಇಳಿಸಲು ಬೆನ್ನಿನಿಂದ ಮತ್ತೆ ಮತ್ತೆ ದ್ರವ ತೆಗೆದರು. ಅವನ ತಾಯಿ ಬಾಗಿಲ ಬಳಿ ನಿಂತು, "ಭಾವನವರೇ, ನಾನು ಕೊಟ್ಟದ್ದು ಹೋದರೂ ಹೋಗಲಿ, ಹುಡುಗ ಉಳಿಯುತ್ತಾನೆಯೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡೂ ಉಳಿದವು. ಬಳಿಕ ಒಂದು ವರ್ಷ ಫ್ಲುಕೊನಜೋಲ್ ನುಂಗಿದನು. ಒಂದು ಕಣ್ಣು ಮಾತ್ರ ಮೊದಲಿನಂತಾಗಲಿಲ್ಲ. ರೋಗ ಅಟ್ಟದಿಂದಲೇ ಬಂದಿತೇ ಎಂದು ಕೇಳಿದೆನು. ಹಾಗೆಂದು ಹೇಳಲಾಗದು, ಹಳೆಯ ಸೋಂಕೇ ಎಚ್ಚತ್ತಿರಲೂಬಹುದು ಎಂದರು ವೈದ್ಯರು. ಕಿಂಡಿಗೆ ಜಾಲರಿ ಹೊಡೆಸಿದ್ದೇನೆ. ಅವನು ಬಂದಾಗ ಪಡಸಾಲೆಯಲ್ಲಿಯೇ ಕೂರಿಸಿ, ಗರಿಗಳನ್ನು ಓದಿ ಹೇಳುತ್ತೇನೆ.